ಅತ್ತರು ಹಚ್ಚಬಾರದ ಊರು

ಹಲಸೂರು

ನನ್ನ ಗೆಳೆಯ ಮುನಿರಾಜುವಿನ ಮಗಳು ಸುಮಾ ಫ್ರಾನ್ಸಿನಲ್ಲಿ ಮದುವೆಯಾಗುತ್ತಾಳೆಂಬ ಸುದ್ದಿ ನನಗೆ ತಲುಪಿದ್ದು ದೂರಿನ ರೂಪದಲ್ಲಿ. ಮುನಿರಾಜು ಹಲಸೂರಿನಲ್ಲಿ ಪ್ರೆಸ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಿರುವವನು. ಯಾರ ಮನೆಯ ಮದುವೆಗೆ ಕರೆದರೂ ಮೊದಲು ಪತ್ರಿಕೆಯ ಅಂಚನ್ನು ಬೆರಳಲ್ಲಿ ಸವರಿ, ಇದು ತನ್ನ ಪ್ರೆಸ್ಸಿನದೋ ಪಕ್ಕದ ಬೀದಿಯವನದೋ ಎಂದು ತೀರ್ಪು ಕೊಟ್ಟ ಮೇಲೆಯೇ ಮುಹೂರ್ತ ಯಾವಾಗ ಎಂದು ಓದುತ್ತಾನೆ. ಅಂಥವನು ಒಂದು ಮಧ್ಯಾಹ್ನ ಶಿವಾಜಿನಗರದ ನನ್ನ ಅತ್ತರಿನ ಅಂಗಡಿಗೆ ಬಂದು, ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ ನಾಲ್ಕು ಹಾಳೆಗಳನ್ನು ಗಾಜಿನ ಪೆಟ್ಟಿಗೆಯ ಮೇಲೆ ಬಡಿದ.

"ನೋಡು ಬಷೀರು, ನನ್ನ ಮಗಳ ಲಗ್ನಪತ್ರಿಕೆ! ಗಣಪತಿ ಇಲ್ಲ, ಮುಹೂರ್ತ ಇಲ್ಲ, ಸುಖಾಗಮನ ಬಯಸೋರು ಒಬ್ಬರೂ ಇಲ್ಲ. ಅಂದ್ರೆ, ಬರೀ ರೂಲ್ಸು!"

ಅದು ಲಗ್ನಪತ್ರಿಕೆಯಾಗಿರಲಿಲ್ಲ. 'ಅತಿಥಿಗಳಿಗೆ ಮಾಹಿತಿ' ಎಂದು ಇಂಗ್ಲಿಷಿನಲ್ಲಿ ತಲೆಬರಹವಿತ್ತು. ಸುಮಾ ಕಂಟೋನ್ಮೆಂಟಿನಲ್ಲಿ ಫ್ರೆಂಚ್ ಕಲಿತು, ಅನುವಾದದ ಕೆಲಸಕ್ಕೆಂದು ಆ ದೇಶಕ್ಕೆ ಹೋದವಳು. ಅಲ್ಲಿ ಬರ್ಗಂಡಿ ಎಂಬ ಸೀಮೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ಮನೆಯ ಹುಡುಗ ಲೂಕ್‌ನನ್ನು ಮೆಚ್ಚಿದ್ದಳು. ಮದುವೆ ಅವರ ತೋಟದ ಮನೆಯಲ್ಲೇ. ಹುಲ್ಲಿನಲ್ಲಿ ಹೂತುಹೋಗುವುದರಿಂದ ಹೈಹೀಲ್ಡ್ ಬೇಡ, ಭಾನುವಾರ ಇಡೀ ಊರಿನಲ್ಲಿ ಅಂಗಡಿ ತೆರೆಯುವುದಿಲ್ಲ, ನೆಲಮಾಳಿಗೆ ತಣ್ಣಗಿರುತ್ತದೆ ಸ್ವೆಟರ್ ತನ್ನಿ, ಯಾವ ಪದಾರ್ಥ ತಿನ್ನುವುದಿಲ್ಲ ಎಂದು ಮೊದಲೇ ಬರೆದು ತಿಳಿಸಿ, ಹೀಗೆ ಸಾಗಿತ್ತು. ಮುನಿರಾಜು ಆಗಲೇ ಕೆಂಪು ಪೆನ್ನಿನಲ್ಲಿ ಎರಡು ಕಾಮಾ ತಿದ್ದಿದ್ದ.

"ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಪತ್ರಿಕೆ ಹಾಕಿದೀನಿ! ಬರೋರು ಕಾಲಿಗೆ ಏನು ಮೆಟ್ಕೋಬೇಕು ಅಂತ ಒಬ್ಬರೂ ಬರೆಸಿಲ್ಲ."

ಮೂರನೆಯ ಹಾಳೆ ತೋರಿಸುವಾಗ ಅವನ ಹೆಬ್ಬೆರಳು ಒಂದು ಸಾಲಿನ ಮೇಲೆ ಅಲುಗಾಡದೆ ಕೂತಿತ್ತು. ನಾನು ಬೆರಳನ್ನು ಎತ್ತಿ ಪಕ್ಕಕ್ಕಿಟ್ಟು ಓದಿದೆ. ನೆಲಮಾಳಿಗೆಗೂ ಊಟದ ಮೇಜಿಗೂ ಬರುವವರು ದಯವಿಟ್ಟು ಯಾವ ಸುಗಂಧವನ್ನೂ ಹಚ್ಚಿಕೊಂಡಿರಬಾರದು, ವೈನಿನ ಪರಿಮಳ ತಿಳಿಯುವುದಿಲ್ಲ, ಎಂದಿತ್ತು.

ನಮ್ಮದು ಮೂರು ತಲೆಮಾರಿನ ಅತ್ತರಿನ ವ್ಯಾಪಾರ. ನನ್ನ ಬ್ಯಾಂಕ್ ಪಾಸ್‌ಬುಕ್ಕಿಗೆ ಗುಲಾಬಿಯ ವಾಸನೆ ಹತ್ತಿದೆ. ನಮ್ಮ ಮನೆಯ ಬೆಕ್ಕಿನ ಮೈ ಲಾವಂಚದ ವಾಸನೆ ಹೊಡೆಯುತ್ತದೆ.

"ಇದು ನಂಗೇ ಹೇಳಿರೋದು," ಅಂದೆ.

"ಎಲ್ಲಾರ್ಗೂ ಹೇಳಿರೋದು ಕಣೋ."

"ಎಲ್ಲಾರೂ ಅತ್ತರು ಮಾರ್ತಾರಾ? ನಾನು ಬರಲ್ಲ ಗುರು. ನೀನು ಹೋಗ್ಬಾ."

ಮುನಿರಾಜುವಿನ ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಅವನ ಅಕ್ಕ ವಿಮಾನವೆಂದರೆ ಕಣ್ಣುಮುಚ್ಚಿಕೊಳ್ಳುವವರು. ಹೆಣ್ಣಿನ ಕಡೆಯಿಂದ ಅಷ್ಟು ದೂರ ಹೋಗುವವರು ನಾವಿಬ್ಬರೇ ಎಂದು ನನಗೂ ಗೊತ್ತಿತ್ತು. ಆದರೂ ಒಂದು ವಾರ ಬಿಗುಮಾನದಲ್ಲಿದ್ದೆ. ಕೊನೆಗೆ ಸುಮಾನೇ ಫೋನ್ ಮಾಡಿದಳು.

"ಬಷೀರ್ ಮಾಮ, ಅಪ್ಪನ್ನ ಒಬ್ಬರನ್ನೇ ಕಳಿಸ್ಬೇಡಿ. ಪ್ಯಾರಿಸ್‌ನಲ್ಲಿ ಯಾವುದಾದ್ರೂ ಪ್ರೆಸ್ ಕಂಡ್ರೆ ಅಲ್ಲೇ ನಿಂತ್ಬಿಡ್ತಾರೆ. ಇನ್ನೊಂದು... ಅಮ್ಮನ ಮದುವೆ ಜಡೇಲಿ ಕೇದಗೆ ಮುಡಿಸಿದ್ರಂತೆ. ಇಲ್ಲಿ ಎಲ್ಲಿ ಸಿಗುತ್ತೆ? ಒಂದು ಚಿಕ್ಕ ಬಾಟ್ಲು ಕೇದಗೆ ಅತ್ತರು ತರ್ತೀರಾ? ಧಾರೆ ಹೊತ್ತಲ್ಲಿ ಹಚ್ಕೊಂಡು, ಊಟಕ್ಕೆ ಮುಂಚೆ ತೊಳ್ಕೊಂಡ್ಬಿಡ್ತೀನಿ."

ಇಷ್ಟಾದ ಮೇಲೆ ಬಿಗುಮಾನ ಯಾರಿಗೆ ಬೇಕು? ಹೊರಡುವ ಹದಿನೈದು ದಿನ ಮುಂಚಿನಿಂದ ವಾಸನೆಯಿಲ್ಲದ ಸೋಪು ಹಾಕಿ ಸ್ನಾನ ಮಾಡಿದೆ. ಹೊಸ ಬಟ್ಟೆ ಹೊಲಿಸಿ, ನಮ್ಮ ಮನೆಯ ಗಾಳಿ ತಾಗದಿರಲೆಂದು ಇಂದಿರಾನಗರದ ಮುನಿರಾಜುವಿನ ಮನೆಯಲ್ಲೇ ಇಡಿಸಿದೆ. ನನ್ನ ಹೆಂಡತಿ ಮೆಹರ್ ಇದನ್ನೆಲ್ಲ ನೋಡಿ, "ಅವರು ನಿಮ್ಮ ವಾಸನೆಗೆ ಹೆದರ್ತಿದ್ದಾರೆ, ನಾನು ಅವರ ವೈನಿನ ವಾಸನೆಗೆ ಹೆದರ್ತಿದ್ದೀನಿ. ಹೋದ ಹಾಗೇ ವಾಪಸ್ ಬನ್ನಿ," ಎಂದು ದಖ್ಖನಿಯಲ್ಲಿ ಹೇಳಿ, ದುವಾ ಮಾಡಿ ಕಳಿಸಿದಳು.

ಪ್ಯಾರಿಸ್

ಹಳೇ ಏರ್‌ಪೋರ್ಟಿನಲ್ಲಿ ಹತ್ತಿ ಪ್ಯಾರಿಸ್‌ನಲ್ಲಿ ಇಳಿದೆವು. ಲಗೇಜಿನ ಬೆಲ್ಟ್ ಸುತ್ತತೊಡಗಿತು. ನನ್ನ ಸೂಟ್‌ಕೇಸ್ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಆದರೆ ಅದು ಬರುತ್ತಿದೆಯೆಂದು ನನಗೆ ತಿಳಿದುಹೋಯಿತು. ಸುತ್ತ ನಿಂತವರು ಒಬ್ಬೊಬ್ಬರಾಗಿ ಮೂಗೆತ್ತಿ ಆಚೀಚೆ ನೋಡಿದರು. ಕೇದಗೆಯೆಂದರೆ ಮಲ್ಲಿಗೆಯ ಹಾಗೆ ಕೇಳಿಕೊಂಡು ಒಳಗೆ ಬರುವ ವಾಸನೆಯಲ್ಲ, ಬಾಗಿಲು ಒದ್ದು ಬರುವಂಥದು.

ಸೂಟ್‌ಕೇಸಿನ ಹಿಂದೆಯೇ ಪೊಲೀಸರ ನಾಯಿಯೊಂದು ಬಂತು. ಮೂಸಿತು, ಸೀನಿತು, ಮತ್ತೆ ಮೂಸಿತು, ಮತ್ತೆ ಸೀನಿತು, ಕೊನೆಗೆ ತನ್ನ ಕೆಲಸವನ್ನೇ ಮರೆತಂತೆ ನನ್ನ ಕಾಲ ಬಳಿ ಮಲಗಿಬಿಟ್ಟಿತು.

"ಕೇದಗೆ ವಾಸನೆಗೆ ಹಾವು ಬರುತ್ತೆ ಅಂತಾರೆ," ಎಂದ ಮುನಿರಾಜು. "ಇಲ್ಲಿ ನಾಯಿ ಬಂತು ನೋಡು."

ಇಬ್ಬರು ಅಧಿಕಾರಿಗಳು ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆಸಿದರು. ನನಗೆ ಬಂದ ಇಂಗ್ಲಿಷಿನಲ್ಲಿ "ಫ್ಲವರ್, ಮ್ಯಾರೇಜ್" ಎಂದೆ. ಬಾಟಲಿ ಎರಡು ಹೋಳಾಗಿತ್ತು. ನನ್ನ ಹೊಸ ಶರ್ಟುಗಳು, ಬಿಳಿ ಶೇರ್ವಾನಿ, ಒಳಬನಿಯನ್ನು, ಯಾವುದೂ ಉಳಿದಿರಲಿಲ್ಲ. ಮುನಿರಾಜುವಿನ ಪೆಟ್ಟಿಗೆಯ ತುಂಬ ಚಕ್ಕುಲಿ, ಕೊಬ್ಬರಿ ಮಿಠಾಯಿ ಇದ್ದದ್ದರಿಂದ ಅವನ ರೇಷ್ಮೆ ಪಂಚೆ, ಶಲ್ಯವೂ ನನ್ನದರಲ್ಲೇ ಇದ್ದವು. ಅವಂತೂ ಎಲ್ಲಕ್ಕಿಂತ ಚೆನ್ನಾಗಿ ಕುಡಿದಿದ್ದವು. ಅಧಿಕಾರಿ ಒಂದು ಸಲ ಜೋರಾಗಿ ಉಸಿರೆಳೆದುಕೊಂಡು, ಪೆಟ್ಟಿಗೆ ಮುಚ್ಚಿ, ಬೇಗ ಹೋಗಿ ಎಂದು ಕೈಯಾಡಿಸಿದ. ನಾಯಿಯನ್ನು ಎಬ್ಬಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೊರಗೆ ಸುಮಾ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡಳು. ಆಮೇಲೆ ನನ್ನತ್ತ ತಿರುಗಿ, ಮೂಗರಳಿಸಿ, "ಮಾಮ... ಚಿಕ್ಕ ಬಾಟ್ಲು ಅಂದಿದ್ದೆ," ಎಂದಳು.

ಅವಳ ಪಕ್ಕದ ನೀಳಕಾಯದ ಹುಡುಗ ಲೂಕ್. ಒಳ್ಳೆಯವನು. ಮೂರು ಗಂಟೆ ಕಾರು ಓಡಿಸಿದ. ನಾಲ್ಕೂ ಕಿಟಕಿ ಇಳಿಸಿ, ತಲೆ ಅರ್ಧ ಹೊರಗಿಟ್ಟು, ದಾರಿಯುದ್ದಕ್ಕೂ "ವೆರಿ ನೈಸ್ ಫ್ಲವರ್" ಎನ್ನುತ್ತಲೇ ಇದ್ದ.

ದ್ರಾಕ್ಷಿಯ ಊರು

ಆ ಊರಿನ ಹೆಸರಿನಲ್ಲಿ ಹತ್ತು ಅಕ್ಷರಗಳಿವೆ, ಬಾಯಲ್ಲಿ ಹೇಳುವುದು ಎರಡನ್ನು ಮಾತ್ರ. ಆ ಎರಡು ಯಾವುವೆಂದು ಹೊರಡುವವರೆಗೂ ನಮಗೆ ಹತ್ತಲಿಲ್ಲ. ಗುಡ್ಡದ ಇಳಿಜಾರೆಲ್ಲ ದ್ರಾಕ್ಷಿ. ಬಳ್ಳಿಗಳು ಸೊಂಟದೆತ್ತರಕ್ಕೆ ಸಾಲಾಗಿ ನಿಂತಿದ್ದವು. ಮುನಿರಾಜುವಿಗೆ ಅವನ್ನು ನೋಡಿ ಮರುಕವಾಯಿತು. ನಾವು ಚಿಕ್ಕವರಿದ್ದಾಗ ಹೊರಮಾವಿನ ಕಡೆ ಅವನ ಸೋದರಮಾವನ ದ್ರಾಕ್ಷಿ ತೋಟವಿತ್ತು. ಕಲ್ಲುಕಂಬ ನೆಟ್ಟು, ತಂತಿ ಕಟ್ಟಿ, ಮೇಲೆ ಚಪ್ಪರ ಹಬ್ಬಿಸಿ, ಕೆಳಗೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತಿದ್ದರು.

"ಪಾಪ, ಬಳ್ಳಿಗೆ ಒಂದು ಚಪ್ಪರ ಹಾಕ್ಸೋಕೂ ಗತಿಯಿಲ್ವೇನಮ್ಮ ಇವರಿಗೆ?" ಎಂದು ಮಗಳನ್ನು ಕೇಳಿದ.

ಈ ಸಾಲುಗಳಲ್ಲಿ ಕೆಲವು ಇನ್ನೂರು ವರ್ಷದಿಂದ ಒಂದೇ ಮನೆತನದವು ಎಂದು ಸುಮಾ ಹೇಳಿದಳು. ಅವನು ನಂಬಲಿಲ್ಲ.

ಕಲ್ಲಿನ ಮನೆಯ ಬಾಗಿಲಲ್ಲಿ ಲೂಕ್‌ನ ತಾಯಿ ಹೆಲೆನ್, ತಂದೆ ಇಬ್ಬರೂ ನಿಂತಿದ್ದರು.

"ಬೀಗರ ಹೆಸರೇನಮ್ಮ?" ಎಂದು ಮುನಿರಾಜು ಮೆಲ್ಲಗೆ ಕೇಳಿದ.

"ಆಂದ್ರೆ."

"ಅಂದ್ರೆ?"

"ಆಂದ್ರೆ, ಅಪ್ಪ."

"ಅದೇ, ಅಂದ್ರೆ ಏನು? ಹೆಸರು ಹೇಳು."

"ಹೆಸರೇ ಆಂದ್ರೆ!"

ಮುನಿರಾಜುವಿಗೆ ಮಾತು ಶುರುವಾಗುವುದೇ 'ಅಂದ್ರೆ'ಯಿಂದ. ಆ ಐದು ದಿನ ಅವನು ನನ್ನ ಜೊತೆ ಕನ್ನಡದಲ್ಲಿ ಏನೇ ಹೇಳಲು ಹೊರಟರೂ, ಅಂಗಳದ ಯಾವುದೋ ಮೂಲೆಯಿಂದ ಬೀಗರು ಕೆಲಸ ಬಿಟ್ಟು ಓಡಿ ಬಂದು ಎದುರಿಗೆ ನಿಲ್ಲುತ್ತಿದ್ದರು. ಕರೆದೇ ಇಲ್ಲವೆಂದು ಹೇಳಲು ನಾಚಿಕೆಯಾಗಿ ಮುನಿರಾಜು ಪ್ರತಿ ಸಲವೂ ಅವರ ಕೈ ಕುಲುಕುತ್ತಿದ್ದ. ಹೆಣ್ಣಿನ ತಂದೆ ಬಲು ಪ್ರೀತಿಯ ಮನುಷ್ಯ ಎಂದು ಆ ಮನೆಯಲ್ಲಿ ಹೆಸರಾಯಿತು.

ನನ್ನ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ. ನಾನು ಒಳಗೆ ಕಾಲಿಟ್ಟೊಡನೆ ಹೆಲೆನ್ ನಗುನಗುತ್ತಲೇ ಒಂದೊಂದಾಗಿ ಎಲ್ಲ ಕಿಟಕಿ ತೆರೆದರು. ನಮ್ಮ ಬಟ್ಟೆಯನ್ನು ಮೆಷಿನ್ನಿನಲ್ಲಿ ಮೂರು ಸಲ ಒಗೆದರು. ಮೂರನೆಯ ಸಲಕ್ಕೆ ಬಟ್ಟೆಯ ವಾಸನೆ ಸ್ವಲ್ಪ ಇಳಿಯಿತು, ಮೆಷಿನ್ನಿನದು ಏರಿತು. ಮರುದಿನ ಆ ಮನೆಯ ಟವೆಲ್ಲು, ಹಾಸಿಗೆ, ಲೂಕ್‌ನ ಮದುವೆಯ ಶರ್ಟು ಎಲ್ಲವೂ ಕೇದಗೆ. ಮುನಿರಾಜುವಿಗೆ ಮಾತ್ರ ಪರಮ ಸಂತೋಷ: "ಈಗ ನೋಡು, ಮದುವೆ ಮನೆ ಅನ್ನಿಸ್ತಿದೆ."

ಬಂದ ದಿನ ಸಂಜೆ ಊಟಕ್ಕೆ ಒಂದು ಚೀಸ್ ಬಂತು. ಮುಚ್ಚಳ ತೆಗೆದದ್ದೇ ತಡ, ಎಲ್ಲೋ ಹೆಗ್ಗಣ ಸತ್ತಿದೆಯೆಂದು ನಾವಿಬ್ಬರೂ ಮೇಜಿನ ಕೆಳಗೆ ಬಗ್ಗಿ ನೋಡಿದೆವು. ಎಲ್ಲರೂ ಅದನ್ನು ಭಕ್ತಿಯಿಂದ ತಿಂದರು. ಅದಕ್ಕಾಗಿ ಒಂದು ಕಿಟಕಿಯನ್ನೂ ಯಾರೂ ತೆರೆಯಲಿಲ್ಲ. ನಾಲ್ಕು ಹಾಳೆಯ ಮಾಹಿತಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಮೊದಲ ದಿನದ ಇನ್ನೊಂದು ಸಂಗತಿ. ಬಾಗಿಲಲ್ಲಿ ಆಂದ್ರೆಯವರು ನನ್ನನ್ನು ಅಪ್ಪಿಕೊಂಡಾಗ ಅವರ ಮೂಗು ನೇರವಾಗಿ ನನ್ನ ಕುತ್ತಿಗೆಗೆ ತಾಗಿತ್ತು. ನಾಯಿಯನ್ನೇ ಮಲಗಿಸಿದ ವಾಸನೆ. ಅವರ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಎಂಥ ದೊಡ್ಡ ಮನುಷ್ಯ, ಎಂದುಕೊಂಡೆ.

ನೆಲಮಾಳಿಗೆ

ಮದುವೆಯ ಹಿಂದಿನ ದಿನ ನೆಲಮಾಳಿಗೆಯಲ್ಲಿ ಅತಿಥಿಗಳಿಗೆ ವೈನ್ ರುಚಿ ತೋರಿಸುವ ಕಾರ್ಯಕ್ರಮ. ಊರಿನ ಏಳೆಂಟು ಜನ ವೈನ್ ಮಾಡುವವರೂ ಬಂದಿದ್ದರು. ಎಲ್ಲರೂ ಮುದುಕರು, ಎಲ್ಲರಿಗೂ ದೊಡ್ಡ ಮೂಗು. ಹೆಲೆನ್ ನನ್ನ ತೋಳು ಹಿಡಿದು, ಬಹಳ ಮರ್ಯಾದೆಯಿಂದ, ಗಾಳಿ ಹೊರಕ್ಕೆ ಹೋಗುವ ಮೆಟ್ಟಿಲ ಬಳಿ ನಿಲ್ಲಿಸಿದರು. ಕ್ಲಾಸಿನಿಂದ ಹೊರಗೆ ಕಳಿಸಿದವನ ಹಾಗೆ ನಿಂತುಕೊಂಡೆ.

ಅಲ್ಲಿ ನಿಂತವನಿಗೆ ಲೋಟದೊಳಗಿನದು ಕಾಣುವುದಿಲ್ಲ, ಮುಖಗಳು ಕಾಣುತ್ತವೆ. ಆಂದ್ರೆಯವರು ಉದ್ದನೆಯ ಗಾಜಿನ ಕೊಳವೆಯಿಂದ ಪೀಪಾಯಿಯ ವೈನ್ ಎತ್ತಿ ಲೋಟಕ್ಕೆ ಬಿಡುತ್ತಿದ್ದರು. ಮೂಗನ್ನು ಲೋಟದೊಳಗೆ ಇಳಿಸಿ ಕಣ್ಣು ಮುಚ್ಚುತ್ತಿದ್ದರು. ಆದರೆ ಕಣ್ಣು ತೆರೆದಾಗ ಮೊದಲು ನೋಡುತ್ತಿದ್ದದ್ದು ಲೋಟವನ್ನಲ್ಲ, ಹೆಂಡತಿಯನ್ನು. ಹೆಲೆನ್ ಪಕ್ಕದವರಿಗೆ ಹೇಳುವವರಂತೆ ಒಂದು ಮಾತು ಮೆಲ್ಲಗೆ ಆಡುತ್ತಿದ್ದರು. ಆಮೇಲೆ ಆಂದ್ರೆಯವರು ಅದೇ ಮಾತನ್ನು ದೊಡ್ಡ ದನಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಮೂರು ಪೀಪಾಯಿಗೂ ಹಾಗೇ ಆಯಿತು.

ನನಗೆ ಗುರುತು ಹತ್ತಿತು. ಯಾಕೆಂದರೆ ಆ ಕೆಲಸ ನಾನೂ ಮಾಡಿದವನು. ನನ್ನ ಅಬ್ಬಾಗೆ ಕೊನೆಯ ಆರು ವರ್ಷ ವಾಸನೆ ತಿಳಿಯುತ್ತಿರಲಿಲ್ಲ. ಒಂದು ಜ್ವರ ಬಂತು, ಬಿಟ್ಟಿತು, ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಅವರು ಯಾರಿಗೂ ಹೇಳಲಿಲ್ಲ. ಗಿರಾಕಿ ಬಂದಾಗ ನಾನು ಬಾಟಲಿ ಕೊಡುತ್ತಾ "ಅಬ್ಬಾ, ಈ ಹೀನಾ ತೋರಿಸ್ಲಾ?" ಎಂದು ಅತ್ತರಿನ ಹೆಸರು ಸೇರಿಸಿ ಕೇಳುತ್ತಿದ್ದೆ. ಅವರು ಅಂಗೈಗೆ ಒಂದು ಹನಿ ಸವರಿ, ಮೂಸಿ, "ಹೌದು, ಹೀನಾ, ಒಳ್ಳೇದು," ಎನ್ನುತ್ತಿದ್ದರು. ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ನಿನ್ನೆ ಬಾಗಿಲಲ್ಲಿ ಕಂಡದ್ದು ದೊಡ್ಡತನವಲ್ಲ, ಇವರಿಗೆ ವಾಸನೆ ಬರುವುದೇ ಇಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಮುನಿರಾಜುವಿಗೆ ಹೇಳಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಚ್ಚು ಹಾಕುವವನ ಸ್ವಭಾವ. ಒಂದು ಕೊಟ್ಟರೆ ಸಾವಿರ ಪ್ರತಿ.

ಅಷ್ಟರಲ್ಲಿ ಲೂಕ್ ಒಂದು ಲೋಟ ಹಿಡಿದು ಮೆಟ್ಟಿಲ ಬಳಿ ಬಂದ. "ಕುಡೀಬೇಡಿ, ಮೂಸಿ ಹೇಳಿ ಸಾಕು," ಎಂದದ್ದನ್ನು ಸುಮಾ ಕನ್ನಡಕ್ಕೆ ತಂದಳು. ಮೆಹರ್ ನೆನಪಾದಳು. ಮೂಗಿನವರೆಗೆ ಬಿಟ್ಟುಕೊಂಡೆ, ಬಾಯಿಗೆ ಬಿಡಲಿಲ್ಲ.

"ನೇರಳೆ ಹಣ್ಣು," ಅಂದೆ. "ಮೊದಲ ಮಳೆ ಬಿದ್ದ ಮಣ್ಣು. ಸ್ವಲ್ಪ ಲವಂಗ. ಕೊನೇಲಿ ಹಳೇ ಚರ್ಮದ ಚಪ್ಪಲಿ."

"ಮಾಮ! ಚಪ್ಪಲಿ ಅಂತ ಹೆಂಗ್ ಹೇಳ್ಲಿ ಇವರಿಗೆ?"

"ಇದ್ದದ್ದು ಹೇಳು."

ಸುಮಾ ಅಳುಕುತ್ತ ಹೇಳಿದಳು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಾಳೆ ತಟ್ಟಿದರು. ಅಲ್ಲಿ ಚರ್ಮದ ವಾಸನೆಯೆಂದರೆ ಹೊಗಳಿಕೆಯಂತೆ. ಮತ್ತೆ ನಾಲ್ಕು ಲೋಟ ತಂದು ನನ್ನನ್ನು ಪರೀಕ್ಷೆ ಮಾಡಿದರು. ಮೆಟ್ಟಿಲಿಂದ ಒಳಗೆ ಕರೆಸಿಕೊಂಡರು. ಮರುದಿನದ ಊಟಕ್ಕೆ ಹೆಲೆನ್ ಮೇಜಿನ ಮೇಲಿನ ಹೆಸರಿನ ಚೀಟಿ ಬದಲಿಸಿ, ನನ್ನನ್ನು ಗಂಡನ ಬಲಗಡೆಗೇ ಹಾಕಿದರು.

ಧಾರೆ ಮತ್ತು ಊಟ

ಧಾರೆ ಎರೆಸಲು ಪ್ಯಾರಿಸ್‌ನಿಂದ ಒಬ್ಬ ಪುರೋಹಿತರು ಬಂದಿದ್ದರು, ಜಾಫ್ನಾ ಕಡೆಯ ತಮಿಳರು. ಮುನಿರಾಜುವಿಗೆ ಜೀವ ಬಂದಂತಾಯಿತು. ಅರ್ಧ ಗಂಟೆ ಅವರೊಂದಿಗೆ ಹಲಸೂರಿನ ತಮಿಳಿನಲ್ಲಿ ಸುಖದುಃಖ ಮಾತಾಡಿದ. ಎಲ್ಲವನ್ನೂ ಕೇಳಿಸಿಕೊಂಡ ಪುರೋಹಿತರು, ನೀವು ಆಡುತ್ತಿರುವುದು ಯಾವ ಭಾಷೆ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

ಅಂಗಳದ ಆಕ್ರೋಟ್ ಮರದ ಕೆಳಗೆ ಧಾರೆ ನಡೆಯಿತು. ಮುನಿರಾಜು ಹಾಲೆರೆಯಲು ಮುಂದೆ ಬಾಗಿದಾಗ ಅವನ ಶಲ್ಯ ಸುಮಾಳ ಕೈಮೇಲೆ ಇಳಿಯಿತು. ಮೂರು ಸಲ ಒಗೆದರೂ ರೇಷ್ಮೆ ಕೇದಗೆಯನ್ನು ಬಿಟ್ಟಿರಲಿಲ್ಲ. ಹುಡುಗಿ ತಲೆ ಇನ್ನಷ್ಟು ತಗ್ಗಿಸಿದಳು. ನಾಚಿಕೆಯೆಂದು ಎಲ್ಲರೂ ತಿಳಿದರು. ಅವಳು ಶಲ್ಯದ ಅಂಚಿಗೆ ಮೂಗು ಒತ್ತಿಕೊಂಡಿದ್ದು ಪಕ್ಕದಲ್ಲಿದ್ದ ನನಗೆ ಕಂಡಿತು.

"ಬಾಟ್ಲು ಒಡೆದಿದ್ದೇ ಒಳ್ಳೇದಾಯ್ತು ಅಪ್ಪ," ಎಂದಳು.

ಮುನಿರಾಜು ಮಗಳ ಮುಖವನ್ನೇ ನೋಡುತ್ತ ಎರೆದ ಹಾಲಿನಲ್ಲಿ ಅರ್ಧ ಪುರೋಹಿತರ ಮೊಣಕಾಲ ಮೇಲೆ ಹೋಯಿತು.

ಮಧ್ಯಾಹ್ನದ ಊಟಕ್ಕೆ ಉದ್ದದ ಮೇಜು. ಲೂಕ್ ಹುಟ್ಟಿದ ವರ್ಷ ಮಾಡಿ, ಅವನ ಮದುವೆಗೆಂದೇ ಇಪ್ಪತ್ತೆಂಟು ವರ್ಷ ನೆಲಮಾಳಿಗೆಯಲ್ಲಿ ಇಟ್ಟಿದ್ದ ಆರು ದೊಡ್ಡ ಬಾಟಲಿಗಳು ಬಂದವು. ಮನೆಯ ಯಜಮಾನ ಮೊದಲನೆಯದನ್ನು ತೆರೆದು, ತಾನು ನೋಡಿ, ಚೆನ್ನಾಗಿದೆಯೆಂದು ಹೇಳಿ, ಊರಿನ ಹಿರಿಯರಿಗೆ ಬಡಿಸಬೇಕು. ಅದಾದ ಮೇಲೆಯೇ ಉಳಿದವರಿಗೆ. ಹೆಲೆನ್ ಯಾವುದಕ್ಕೋ ಅಡುಗೆಮನೆಗೆ ಹೋಗಿದ್ದರು. ಅತಿಥಿಗಳಿಗೆ ತಡೆಯಲಿಲ್ಲ, ಚಮಚದಿಂದ ಲೋಟ ಬಡಿದು "ಆಂದ್ರೆ! ಆಂದ್ರೆ!" ಎಂದು ಕೂಗತೊಡಗಿದರು. ಆಂದ್ರೆಯವರು ಒಮ್ಮೆ ಅಡುಗೆಮನೆಯ ಬಾಗಿಲತ್ತ ನೋಡಿ, ಎದ್ದು ನಿಂತು ಬಿರಡೆ ಎಳೆದರು.

ಲೋಟಕ್ಕೆ ಬಿದ್ದೊಡನೆ ನನಗೆ ಗೊತ್ತಾಯಿತು. ಮಳೆಗಾಲದಲ್ಲಿ ನೆನೆದು, ಮೂಲೆಯಲ್ಲಿ ಕೊಳೆತ ರಟ್ಟಿನ ಪೆಟ್ಟಿಗೆಯ ವಾಸನೆ. ಬಿರಡೆ ಕೆಟ್ಟರೆ ನಮ್ಮ ಅತ್ತರಿಗೂ ಹೀಗೇ ಆಗುತ್ತದೆ. ಬಾಟಲಿ ಪೂರ್ತಿ ಹಾಳು.

ಮೇಜಿನ ಕೆಳಗಿಂದ ಅವರ ಪ್ಯಾಂಟು ಜಗ್ಗಿದೆ. ಅವರು ನನ್ನತ್ತ ನೋಡಿ ನಕ್ಕರು. ಲೋಟಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ, ತೆರೆದು, ಅಡುಗೆಮನೆಯ ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಎಂಟು ದೊಡ್ಡ ಮೂಗುಗಳು ಎದುರಿಗೆ ಸಾಲಾಗಿ ಕಾಯುತ್ತಿದ್ದವು. ಆಂದ್ರೆಯವರು ಚೆನ್ನಾಗಿದೆಯೆಂದು ತಲೆಯಾಡಿಸಲು ಶುರುಮಾಡಿ, ಬಾಟಲಿಯನ್ನು ಮೊದಲ ಮುದುಕನ ಲೋಟದತ್ತ ಚಾಚಿದರು.

ನನಗೆ ಯೋಚಿಸಲು ಸಮಯವಿರಲಿಲ್ಲ. ಬೀಗರನ್ನು ಅಪ್ಪಿಕೊಳ್ಳುವವನಂತೆ ಎರಡು ತೋಳೂ ಅಗಲಿಸಿ ಎದ್ದು ಅವರ ಮೇಲೆ ಬಿದ್ದೆ. ಬಾಟಲಿ ಮಗುಚಿ ನನ್ನ ಎದೆಯ ಮೇಲೆ ಗಳಗಳ ಸುರಿಯಿತು, ಲೋಟ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಜೀವಮಾನದಲ್ಲಿ ಒಂದು ಹನಿ ಮುಟ್ಟದವನು ಕತ್ತಿನಿಂದ ಕಾಲಿನವರೆಗೆ ವೈನಿನಲ್ಲಿ ತೋಯ್ದು ನಿಂತೆ. ಬಿಳಿ ಶೇರ್ವಾನಿ ಬಣ್ಣದ ಅಂಗಡಿಯಲ್ಲಿ ಅದ್ದಿ ತೆಗೆದಂತಾಗಿತ್ತು.

ಮೇಜಿನವರೆಲ್ಲ ಧಡಧಡನೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಬಷೀರೂ!" ಮುನಿರಾಜುವಿನ 'ರೂ' ಗುಡ್ಡಕ್ಕೆ ಬಡಿದು ವಾಪಸ್ ಬಂತು. "ಇಪ್ಪತ್ತೆಂಟು ವರ್ಷದ ಬಾಟ್ಲು ಕಣೋ ಅದು!"

"ಕೈ ಜಾರ್ತು ಗುರು."

"ಕೈ ಜಾರೋಕೆ ನೀನೇನು ಕುಡ್ದಿದ್ಯಾ? ಹೆಣ್ಣು ಕೊಟ್ಟ ಕಡೆ ನನ್ನ ಮಾನ ತೆಗ್ದಲ್ಲೋ!"

ಗದ್ದಲ ಕೇಳಿ ಹೆಲೆನ್ ಬಟ್ಟೆ ಹಿಡಿದು ಓಡಿ ಬಂದು ನನ್ನ ಎದೆ ಒರೆಸತೊಡಗಿದರು. ಎರಡು ಸಲ ಒರೆಸಿದರು. ಮೂರನೆಯ ಸಲಕ್ಕೆ ಕೈ ನಿಂತಿತು. ಬಟ್ಟೆಯನ್ನು ಮೆಲ್ಲಗೆ ಮೂಗಿನ ಬಳಿ ತಂದರು. ಆಮೇಲೆ ನನ್ನ ಮುಖ ನೋಡಿದರು. ನಾನು ಆಕ್ರೋಟ್ ಮರದ ಎಲೆಗಳನ್ನು ನೋಡತೊಡಗಿದೆ.

ಅವರು ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎರಡನೆಯ ಬಾಟಲಿ ತಂದು ಗಂಡನ ಪಕ್ಕದಲ್ಲೇ ನಿಂತರು. ಅದು ಚೆನ್ನಾಗಿತ್ತು. ಮುದುಕರೆಲ್ಲ ಎದ್ದು ನಿಂತು ಕುಡಿದರು, ಹಾಡಿದರು. ಅವತ್ತು ಎಲ್ಲರಿಗಿಂತ ಹೆಚ್ಚು ಕುಡಿದದ್ದು ನನ್ನ ಶೇರ್ವಾನಿಯೇ ಎಂದು ನಕ್ಕರು. ಫೋಟೋದವನು ನನ್ನನ್ನು ಬಿಡದೆ ಹತ್ತಾರು ಫೋಟೋ ತೆಗೆದ. ಅವು ಮೆಹರ್ ಕೈಗೆ ಸಿಕ್ಕಾಗ ಏನು ಹೇಳುವುದು ಎಂಬುದೇ ಆಮೇಲೆ ನನಗೆ ಊಟದುದ್ದಕ್ಕೂ ಚಿಂತೆ.

ಮುನಿರಾಜು ಸಂಜೆಯವರೆಗೆ ನನ್ನೊಂದಿಗೆ ಮಾತಾಡಲಿಲ್ಲ. ಕೋಣೆಗೆ ಬಂದು, ಗೋಡೆಯ ಕಡೆ ತಿರುಗಿ ಮಲಗಿ, "ಅಂದ್ರೆ, ನಾನು ನಿನ್ನ ಕರ್ಕೊಂಡೇ ಬರ್ಬಾರ್ದಿತ್ತು," ಎಂದ. ಒಂದು ಕ್ಷಣ ನಿಜ ಹೇಳಿಬಿಡೋಣವೆನ್ನಿಸಿತು. ಅಬ್ಬಾನ ಅಂಗೈ, ಆ ಒಂದು ಹನಿ, ನೆನಪಾಗಿ ಸುಮ್ಮನಾದೆ. ಆದರೆ ನಿದ್ದೆ ಬರಲಿಲ್ಲ. ನಲವತ್ತು ವರ್ಷದ ಸ್ನೇಹದಲ್ಲಿ ಅವನು ನನಗೆ ಬೆನ್ನು ಹಾಕಿ ಮಲಗಿದ್ದು ಅದೇ ಮೊದಲು.

ಹೊರಡುವ ಬೆಳಿಗ್ಗೆ

ನಮ್ಮ ಪೆಟ್ಟಿಗೆಗಳನ್ನು ಸುಮಾ ಕಾರಿಗೆ ಇಡಿಸುತ್ತಿದ್ದಾಗ ಆಂದ್ರೆಯವರು ಬಂದು ನನ್ನ ತೋಳು ಹಿಡಿದು ನೆಲಮಾಳಿಗೆಗೆ ಕರೆದೊಯ್ದರು. ಈಗ ಅವರೇ ಬಂದವರಿಗೆಲ್ಲ ಇದನ್ನು ಹೇಳಿಕೊಳ್ಳುತ್ತಾರೆ, ಮುನಿರಾಜುವಿಗೂ ಆಮೇಲೆ ಅವರ ಬಾಯಿಂದಲೇ ತಿಳಿಯಿತು, ಆದ್ದರಿಂದ ಬರೆಯಲು ಅಡ್ಡಿಯಿಲ್ಲ. ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಇತ್ತು. ಹಾಗಾಗಿ ಒಂದು ಮಾತೂ ತಪ್ಪದೆ ಅರ್ಥವಾಯಿತು.

ಎರಡು ಚಳಿಗಾಲದ ಹಿಂದೆ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರಂತೆ. ತಲೆಯ ಹಿಂಭಾಗ ಮುಟ್ಟಿ ತೋರಿಸಿದರು. ಏಟು ವಾಸಿಯಾಯಿತು, ವಾಸನೆ ಮರಳಲಿಲ್ಲ. ಹೆಲೆನ್‌ಗೆ ಮಾತ್ರ ಗೊತ್ತು. ಲೂಕ್‌ಗೆ ಗೊತ್ತಿಲ್ಲ.

"ನೀವು ಯಾರಿಗಾದ್ರೂ ಹೇಳ್ತೀರಾ?" ಎಂದು ಪಿಸುಗುಟ್ಟಿ ಕೇಳಿದರು. ಮೂರು ದಿನದ ಹಿಂದೆ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ ಮನುಷ್ಯ.

"ನಾನು ಹೇಳಲ್ಲ. ನೀವು ಹೇಳಿ. ಮಗನಿಗೆ."

ಅವರು ಆಗದೆಂದು ತಲೆಯಾಡಿಸಿದರು. ಮೂಗಿಲ್ಲದವನಿಗೆ ಈ ನೆಲಮಾಳಿಗೆಯಲ್ಲಿ ಏನು ಕೆಲಸ, ಎಂಬಂತೆ ಕೈ ಚೆಲ್ಲಿದರು.

ಅಬ್ಬಾನ ವಿಷಯ ಹೇಳಿದೆ. ಆರು ವರ್ಷ ಅವರ ಪಕ್ಕದಲ್ಲಿ ನಿಂತು ಹೆಸರು ಹೇಳಿಕೊಟ್ಟೆನೇ ಹೊರತು ಏನನ್ನೂ ಕೇಳಲಿಲ್ಲ. ಕೇಳಿದರೆ ಮುಚ್ಚಿಟ್ಟ ಮಾತು ಹೊರಬಿದ್ದುಬಿಡುತ್ತದಲ್ಲ ಎಂಬ ಅಂಜಿಕೆ. ಐವತ್ತು ವರ್ಷದ ವಾಸನೆಯೆಲ್ಲ ಅವರ ತಲೆಯಲ್ಲೇ ಇತ್ತು, ಯಾವ ಊರಿನ ಗುಲಾಬಿ ಹೇಗೆ, ಯಾವ ತಿಂಗಳ ಲಾವಂಚ ಹೇಗೆ, ಎಲ್ಲ. ಅವರೊಂದಿಗೆ ಮಣ್ಣಿಗೆ ಹೋಯಿತು. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳಿದೆನೋ ತಿಳಿಯದು. "ನೋಸ್ ಗೋ. ಹೆಡ್ ನೋ ಗೋ. ಐ ನೋ ಆಸ್ಕ್," ಎಂದಿದ್ದೆ ಅಂತ ಕಾಣುತ್ತದೆ.

ಆಂದ್ರೆಯವರು ಪಕ್ಕದ ಪೀಪಾಯಿಯನ್ನು ಎರಡು ಸಲ ತಟ್ಟಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಮಗನನ್ನು ಕೂಗಿದರು.

ಲೂಕ್ ಇಳಿದು ಬಂದ. ತಂದೆ ಫ್ರೆಂಚಿನಲ್ಲಿ ನಾಲ್ಕೇ ಮಾತು ಆಡಿರಬೇಕು. ಹುಡುಗ ತಂದೆಯ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಹೊರಡಲು ನೋಡಿದೆ, ಆಂದ್ರೆಯವರು ನನ್ನ ತೋಳು ಬಿಡಲಿಲ್ಲ. ಲೂಕ್ ಗಾಜಿನ ಕೊಳವೆ ತೆಗೆದುಕೊಂಡು, ಮೂಲೆಯ ಪೀಪಾಯಿಯಿಂದ ವೈನ್ ಎತ್ತಿ, ಲೋಟಕ್ಕೆ ಬಿಟ್ಟು, ಮೂಸಿ, ತಂದೆಗೆ ಹೇಳತೊಡಗಿದ. ಕನ್ನಡಕ ಮರೆತವರಿಗೆ ಕಾಗದ ಓದಿ ಹೇಳುವಾಗ ನಾವು ನಿಧಾನಿಸುತ್ತೇವಲ್ಲ, ಹಾಗೆ, ಒಂದೊಂದೇ ಪದ.

ಆಂದ್ರೆಯವರು ಕಣ್ಣು ಮುಚ್ಚಿ ಕೇಳಿದರು. ಇದ್ದಕ್ಕಿದ್ದಂತೆ ಕೈಯೆತ್ತಿ ತಡೆದು ಏನೋ ಹೇಳಿದರು. ಗುಡ್ಡದ ಮೇಲಿನ ಕಡೆ ಬೆರಳು ತೋರಿಸಿದರು, ಆ ಇಳಿಜಾರಿನ ಹಣ್ಣಾದರೆ ಇನ್ನೂ ಒಂದು ವಾಸನೆ ಇರಬೇಕು, ನೋಡು ಎಂಬಂತೆ ಲೋಟವನ್ನು ಮಗನತ್ತ ತಳ್ಳಿದರು. ಲೂಕ್ ಮತ್ತೆ ಮೂಗಿಟ್ಟ. ತುಂಬ ಹೊತ್ತು ಇಟ್ಟ. ಆಮೇಲೆ ತಲೆಯೆತ್ತಿ, ತುಂಬಿದ ಕಣ್ಣಿನಲ್ಲೇ ನಕ್ಕು, "ವಿ, ಪಾಪಾ," ಎಂದ. ಐದು ದಿನದಲ್ಲಿ ನಾನು ಕಲಿತಿದ್ದ ಫ್ರೆಂಚ್ ಅದೊಂದೇ. ಹೌದಪ್ಪಾ, ಇದೆ.

ನಾನು ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದೆ. ಕಾರಿನಲ್ಲಿ ಮುನಿರಾಜು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದ. ಮದುವೆಯ ರಾತ್ರಿಯಿಂದ ಹಿಡಿದಿದ್ದ ಮೌನವನ್ನೆಲ್ಲ ಅಲ್ಲೇ ಮುರಿದ.

"ಇನ್ನೂ ಏನಾದ್ರೂ ಒಡೆಯೋದು ಬಾಕಿ ಇತ್ತಾ ಕೆಳಗೆ?"

ಸುಮಾ ಕಾರು ಓಡಿಸಿದಳು. ಪ್ಯಾರಿಸ್ ಮುಟ್ಟುವವರೆಗೆ, ಮೂರು ಗಂಟೆ, ಅವನು ಬೈದ. ಆ ಬಾಟಲಿಯನ್ನು ಬೈದ, ನನ್ನ ಕೈಯನ್ನು ಬೈದ, ಬೈಗುಳ ಮುಗಿದಾಗ ಮೊದಲಿನಿಂದ ಶುರುಮಾಡಿದ. ನಾನು ಕಿಟಕಿಗೆ ತಲೆಯಾನಿಸಿ, ಹಿಂದಕ್ಕೆ ಓಡುವ ಬಳ್ಳಿಗಳ ಸಾಲು ನೋಡುತ್ತ, ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಅಷ್ಟು ಸುಖವಾಗಿ ನಾನು ಜನ್ಮದಲ್ಲಿ ಯಾರಿಂದಲೂ ಬೈಸಿಕೊಂಡಿಲ್ಲ.